ನೂಲಿ ಅಳೆಸಿದ ಹೆಜ್ಜೆಗಳು

ನನ್ನ ತಂಗಿಯ ಮಗಳಿಗೆ ನಾನಿಟ್ಟ ಹೆಸರು ನೂಲಿ. ಶಾಲೆಯ ಪಟ್ಟಿಯಲ್ಲಿ ಬೇರೆ ಹೆಸರಿದೆ, ಲ್ಯಾಬಿನ ಬಾಗಿಲ ಮೇಲೆ ಡಾಕ್ಟರ್ ಎಂದು ಶುರುವಾಗುವ ಉದ್ದನೆಯ ಹೆಸರೊಂದಿದೆ. ಆದರೆ ಮೂರು ವರ್ಷದ ಕೂಸಾಗಿದ್ದಾಗ ಅವಳು ನನ್ನ ಹೊಲಿಗೆ ಮಷೀನಿನ ಕೆಳಗೆ ಕುಳಿತು, ಬಿದ್ದ ನೂಲಿನ ತುಂಡುಗಳ ತುದಿಯನ್ನು ಎಂಜಲಿನಲ್ಲಿ ಒದ್ದೆ ಮಾಡಿ ಒಂದಕ್ಕೊಂದು ಅಂಟಿಸಲು ನೋಡುತ್ತಿದ್ದಳು. ಗಂಟು ಹಾಕೇ ಮಗಳೇ ಎಂದರೆ ತಲೆಯಾಡಿಸಿಬಿಡುತ್ತಿದ್ದಳು. ಗಂಟು ಅವಳಿಗೆ ಬೇಡ. ಗಂಟಿಲ್ಲದೆ ಸೇರಬೇಕು. ಆ ಹಟವನ್ನು ಇವತ್ತಿಗೂ ಬಿಟ್ಟಿಲ್ಲ. ಈಗ ನೂಲಿನ ಜಾಗದಲ್ಲಿ ನರ ಇದೆ, ಅಷ್ಟೇ.

ನಾನು ದರ್ಜಿ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು. ಆಮೇಲಿನ ಓದೆಲ್ಲ ಗಿರಾಕಿಗಳು ಬಟ್ಟೆ ಸುತ್ತಿ ತರುತ್ತಿದ್ದ ಹಳೆಯ ಪತ್ರಿಕೆಗಳಲ್ಲಿ ಆದದ್ದು. ಅರ್ಧ ಹರಿದ ಸುದ್ದಿ ಓದಿ ಇನ್ನರ್ಧವನ್ನು ತಲೆಯಲ್ಲೇ ಹೊಲಿದುಕೊಳ್ಳುತ್ತಿದ್ದೆ. ನಲವತ್ತೆರಡು ವರ್ಷ ಟೇಪು ಹಿಡಿದಿದ್ದೇನೆ. ನನ್ನ ಅಳತೆ ತಪ್ಪಿತು ಎಂದು ಅಂಗಿ ವಾಪಸು ತಂದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಅವರಲ್ಲೂ ಇಬ್ಬರು ಅಳತೆ ಕೊಟ್ಟ ಮೇಲೆ ದಪ್ಪಗಾದವರು. ಇದನ್ನು ಜಂಬಕ್ಕೆ ಹೇಳಿದೆ ಎಂದುಕೊಂಡರೂ ಅಡ್ಡಿಯಿಲ್ಲ. ಆ ಜಂಬ ಮುಂದೆ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನೂ ನಾನೇ ಹೇಳುತ್ತೇನೆ.

ನೂಲಿಯ ಅಪ್ಪ, ನನ್ನ ಭಾವ, ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಕತ್ತರಿಸುವ ಮಷೀನಿನ ಮೇಲಿದ್ದರು. ಅವಳಿಗೆ ಒಂಬತ್ತು ವರ್ಷ ಇದ್ದಾಗ ಅಲಗು ಅವರ ಬಲ ಮಣಿಕಟ್ಟಿನ ಮೇಲೆ ಇಳಿಯಿತು. ಆಸ್ಪತ್ರೆಯವರು ಪುಣ್ಯಾತ್ಮರು, ಕೈ ಉಳಿಸಿದರು. ಚರ್ಮ ಸೇರಿತು, ರಕ್ತನಾಳ ಸೇರಿತು. ಒಂದು ನರ ಮಾತ್ರ ಸೇರಲಿಲ್ಲ, ನಡುವಿನ ತುಂಡೇ ನಜ್ಜುಗುಜ್ಜಾಗಿ ಹೋಗಿತ್ತು. ಕಿರುಬೆರಳೂ ಉಂಗುರದ ಬೆರಳೂ ಒಳಕ್ಕೆ ಮಡಚಿಕೊಂಡು ಕುಳಿತವು, ಏನು ಮಾಡಿದರೂ ಏಳಲಿಲ್ಲ. ಭಾವ ನಗಿಸುವ ಮನುಷ್ಯ. ಈ ಎರಡು ಬೆರಳು ಬೀಗರ ಮನೆಯವರಿದ್ದ ಹಾಗೆ, ಜೊತೆಗೇ ಇರ್ತಾರೆ, ಒಂದು ಕಡ್ಡಿ ಎತ್ತಿ ಇಡೋದಿಲ್ಲ ಎನ್ನುತ್ತಿದ್ದರು. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು.

ಒಂದು ಸಂಜೆ ಅವರು ಒಲೆಯ ಪಕ್ಕ ನಿಂತು ಮಾತಾಡುತ್ತಾ ಆ ಕೈಯನ್ನು ಕಾದ ಬಾಣಲೆಯ ಅಂಚಿಗೆ ಊರಿದ್ದರು. ಸುಟ್ಟ ವಾಸನೆ ಬಂದಾಗ ಏನೋ ಸೀಯ್ತಿದೆ ನೋಡೇ ಎಂದು ಮಗಳಿಗೆ ಹೇಳಿದರು. ನೂಲಿ ನೋಡಿದಳು. ಸೀಯುತ್ತಿದ್ದದ್ದು ಅಪ್ಪನ ಬೆರಳು. ಅವಳು ಅಳಲಿಲ್ಲ ಎಂದು ನನ್ನ ತಂಗಿ ಹೇಳಿದ ನೆನಪು. ಮಾರನೆಯ ದಿನ ಅಂಗಡಿಗೆ ಬಂದು, ನೋವು ಕೈಯಲ್ಲಿ ಇರತ್ತಾ ತಲೆಯಲ್ಲಿ ಇರತ್ತಾ ಎಂದು ನನ್ನನ್ನು ಕೇಳಿದಳು. ನನ್ನ ಪತ್ರಿಕೆಯ ತುಂಡುಗಳಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಉತ್ತರ ಹುಡುಕಿಕೊಂಡು ಅವಳು ಹದಿನೆಂಟು ವರ್ಷ ಓದಿದಳು.

ಅವಳ ಕೆಲಸ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕೈಕಾಲಿನ ನರ ಕತ್ತರಿಸಿದರೆ ಅದು ಸತ್ತು ಬೀಳುವುದಿಲ್ಲ. ಬೆನ್ನಿನ ಕಡೆಯ ತುಂಡು ಮತ್ತೆ ಚಿಗುರುತ್ತದೆ, ದಿನಕ್ಕೆ ಸುಮಾರು ಒಂದು ಮಿಲಿಮೀಟರು, ಅಂದರೆ ನನ್ನ ಟೇಪಿನ ಮೇಲಿರುವ ಅತಿ ಚಿಕ್ಕ ಗೆರೆಯಷ್ಟು. ಆದರೆ ನಡುವೆ ಅಂತರ ದೊಡ್ಡದಿದ್ದರೆ ಅದಕ್ಕೆ ದಾರಿ ಸಿಗುವುದಿಲ್ಲ, ಅಲ್ಲಲ್ಲೇ ಸುತ್ತಿ ಉಂಡೆ ಕಟ್ಟಿಕೊಳ್ಳುತ್ತದೆ. ನೂಲಿ ಆ ಅಂತರಕ್ಕೆ ಹುಲ್ಲುಕಡ್ಡಿಗಿಂತ ಸಣ್ಣದಾದ ಕೊಳವೆಯೊಂದನ್ನು ಇಟ್ಟು, ಅದರೊಳಗೆ ಜೀವಕೋಶಗಳನ್ನು ತುಂಬುತ್ತಾಳೆ. ಅವು ಆಕರಕೋಶಗಳಿಂದ ಬೆಳೆಸಿದವು. ಆಕರಕೋಶ ಎಂದರೆ ತಾನು ಮುಂದೆ ಏನಾಗಬೇಕೆಂದು ಇನ್ನೂ ನಿಶ್ಚಯ ಮಾಡಿಕೊಳ್ಳದ ಕೋಶ. ಅದನ್ನು ಒಲಿಸಿ, ಬೇಕಾದ್ದನ್ನು ಉಣಿಸಿ, ನರದ ಕೈ ಹಿಡಿದು ನಡೆಸುವ ಜಾತಿಯ ಕೋಶವಾಗಿ ಮಾಡುವುದು ಅವಳ ವಿದ್ಯೆ. ಮೈ ಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಅವು ಬೆಳೆಯುತ್ತವೆ. ದಿನ ಬಿಟ್ಟು ದಿನ ಹಳೆಯ ನೀರು ತೆಗೆದು ಹೊಸದು ಹಾಕಬೇಕು. ಅವಕ್ಕೆ ಭಾನುವಾರ ಗೊತ್ತಿಲ್ಲ. ನನ್ನ ಮಗನ ಮದುವೆಯ ಊಟದ ನಡುವೆ ಎದ್ದು ಹೋದವಳು ಅವಳೊಬ್ಬಳೇ. ಎಲ್ಲಿಗೆ ಎಂದು ನೆಂಟರು ಕೇಳಿದ್ದಕ್ಕೆ ಭಾವ, ಮಕ್ಕಳಿಗೆ ಹಾಲು ಕುಡಿಸೋಕೆ ಎಂದುಬಿಟ್ಟರು. ಮದುವೆಯಾಗದ ಹುಡುಗಿ. ಆ ಮಾತು ಸರಿಪಡಿಸಲು ನನ್ನ ತಂಗಿಗೆ ಒಂದು ವರ್ಷ ಹಿಡಿಯಿತು.

ಒಮ್ಮೆ ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋದಳು. ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು, ತಲೆಗೊಂದು ಟೋಪಿ, ಮೈಗೊಂದು ಬಿಳಿ ಕೋಟು. ಕೋಟಿನ ಹೊಲಿಗೆ ಹೀನಾಯವಾಗಿತ್ತು, ಹೇಳಲಿಲ್ಲ. ಅವಳು ಪರದೆಯ ಮುಂದೆ ನನ್ನನ್ನು ಕೂರಿಸಿ, ಒಂದು ಇಡೀ ದಿನವನ್ನು ಒಂದೇ ನಿಮಿಷಕ್ಕೆ ಕುಗ್ಗಿಸಿದ ಚಿತ್ರ ತೋರಿಸಿದಳು. ತಟ್ಟೆಯೊಂದರಲ್ಲಿ ಒಂದೇ ಒಂದು ನರದ ಎಳೆ. ಅದರ ತುದಿಯಲ್ಲಿ ಪುಟ್ಟ ಅಂಗೈ. ಅಂಗೈಗೆ ಬೆರಳುಗಳು. ಸುಳ್ಳು ಹೇಳುತ್ತಿಲ್ಲ. ಆ ಬೆರಳು ಅತ್ತ ಚಾಚಿ ಮುಟ್ಟಿ ನೋಡುತ್ತವೆ, ಬೇಡವೆಂದು ಹಿಂದೆ ಸರಿಯುತ್ತವೆ, ಇತ್ತ ಚಾಚುತ್ತವೆ. ಕರೆಂಟು ಹೋದಾಗ ಗೋಡೆ ಸವರಿ ಬಾಗಿಲು ಹುಡುಕುವ ಕೈ ಹಾಗೇ ಇರುತ್ತದೆ. ಅಷ್ಟರಲ್ಲಿ ಪಕ್ಕದಿಂದ ಅವಳು ಬೆಳೆಸಿದ ಕೋಶವೊಂದು ಮೆಲ್ಲಗೆ ಜರುಗಿ ಬಂತು. ಆ ಪುಟ್ಟ ಕೈ ಅದನ್ನು ಮುಟ್ಟಿತು. ಮುಟ್ಟಿ ನಿಂತಿತು. ಆಮೇಲೆ ಅದರ ಮೈಗುಂಟ ನೆಟ್ಟಗೆ ಹೊರಟಿತು, ಗೊತ್ತಿರುವ ಬೀದಿಯಲ್ಲಿ ಹೋಗುವವರ ಹಾಗೆ.

ಪರದೆಗೆ ಮೂಗು ತಾಗುವಷ್ಟು ಬಾಗಿದೆ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ಹೇಳಿಕೊಡುವವರಿಲ್ಲ. ಎಲ್ಲಿಗೆ ಹೋಗಬೇಕೆಂದು ಹೇಗೆ ತಿಳಿಯಿತು ಎಂದು ಕೇಳಿದೆ. ನೂಲಿ, ಅರ್ಧ ಗೊತ್ತು ಮಾವ, ಇನ್ನರ್ಧ ಗೊತ್ತಿಲ್ಲ ಎಂದಳು. ಬಾಗಿಲಲ್ಲಿ ಚಪ್ಪಲಿ ಬಿಡಿಸಿದ್ದು ಸರಿಯಾಗೇ ಇದೆ ಅನ್ನಿಸಿತು.

ಇನ್ನು ಇಲಿಗಳ ವಿಷಯ. ತಟ್ಟೆಯಲ್ಲಿ ಆದದ್ದು ಮೈಯಲ್ಲಿ ಆಗುತ್ತದೆಯೇ ಎಂದು ನೋಡಲು ಇಪ್ಪತ್ತು ಇಲಿಗಳಿಗೆ ಅರಿವಳಿಕೆ ಕೊಟ್ಟು, ಒಂದು ಹಿಂಗಾಲಿನ ನರ ತುಂಡರಿಸಿ ಕೊಳವೆ ಹಾಕಿದಳು. ಹತ್ತಕ್ಕೆ ಕೋಶ ತುಂಬಿದ ಕೊಳವೆ, ಹತ್ತಕ್ಕೆ ಬರಿಯ ಕೊಳವೆ. ಯಾವುದಕ್ಕೆ ಯಾವುದು ಎಂಬ ಪಟ್ಟಿ ಲಕೋಟೆಯಲ್ಲಿ ಮುಚ್ಚಿ ಇಲಿಮನೆ ನೋಡಿಕೊಳ್ಳುವವನ ಬೀರುವಿನಲ್ಲಿತ್ತು. ಇಲಿಯಪ್ಪ ಎಂದೇ ಎಲ್ಲರೂ ಅವನನ್ನು ಕರೆಯುವುದು, ಅವನಿಗೂ ಅದೇ ಇಷ್ಟ. ಬೀರುವಿನ ಬೀಗದ ಕೈಯನ್ನು ತಾಯಿತದ ಹಾಗೆ ಕೊರಳಿಗೆ ಕಟ್ಟಿಕೊಂಡಿದ್ದ. ನೂಲಿಗೂ ಪಟ್ಟಿ ತಿಳಿಯುವಂತಿಲ್ಲ. ಅವಳ ಕೆಲಸದ ಕಟ್ಟಳೆ ಅದು. ಆಸೆ ಇರುವವರ ಕಣ್ಣಿಗೆ ಬೇಕಾದ್ದೇ ಕಾಣುತ್ತದಂತೆ, ಆದ್ದರಿಂದ ಕಣ್ಣು ಕಟ್ಟಿಕೊಂಡೇ ನೋಡಬೇಕಂತೆ.

ವಾರಕ್ಕೊಮ್ಮೆ ಇಲಿಯ ಹಿಂಗಾಲುಗಳಿಗೆ ಮಸಿ ಹಚ್ಚಿ, ಮರದ ಕಿರಿದಾದ ಓಣಿಯೊಂದರಲ್ಲಿ ಹಾಸಿದ ಕಾಗದದ ಮೇಲೆ ನಡೆಸುತ್ತಾರೆ. ನರ ಕೆಲಸ ಮಾಡದ ಕಾಲಾದರೆ ಹೆಜ್ಜೆ ಉದ್ದ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನರ ತಲುಪಿದ ಕಾಲಾದರೆ ಹೆಜ್ಜೆ ಗಿಡ್ಡ, ಬೆರಳು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಆ ಹೆಜ್ಜೆಗಳನ್ನು, ಯಾವ ಇಲಿಗೆ ಏನು ಹಾಕಿದೆ ಎಂದು ತಿಳಿಯದ ಒಬ್ಬರು ಅಳೆಯಬೇಕು. ಅಳೆಯುತ್ತಿದ್ದ ವಿದ್ಯಾರ್ಥಿನಿ ಬೇರೆ ಕೆಲಸ ಸಿಕ್ಕಿ ಹೊರಟುಹೋದಳು. ನೂಲಿ ತನ್ನ ಮೇಲಿನ ಹಿರಿಯ ಡಾಕ್ಟರಮ್ಮನನ್ನು ಒಪ್ಪಿಸಿ, ಕಾಗದದ ಕಟ್ಟು ಹೊತ್ತುಕೊಂಡು ನನ್ನ ಅಂಗಡಿಗೆ ಬಂದಳು. ಹೆಜ್ಜೆ ಮೂಡಿದ ನೂರಾ ಅರವತ್ತು ಕಾಗದದ ಪಟ್ಟಿ. ಹಿಂದೆ ನಂಬರು ಮಾತ್ರ. ಎರಡು ತಿಂಗಳಲ್ಲಿ ಸಂಸ್ಥೆಯ ಸಮಿತಿಯ ಮುಂದೆ ಲೆಕ್ಕ ಒಪ್ಪಿಸಬೇಕಿತ್ತು.

ನನ್ನ ಹಿಗ್ಗು ಕೇಳಬೇಡಿ. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಮುಚ್ಚಿ, ಕಣ್ಣಿಗೆ ಭೂತಗನ್ನಡಿ ಹಿಡಿದು ದಿನಕ್ಕೆ ಎಂಟು ಪಟ್ಟಿ ಅಳೆಯುತ್ತಿದ್ದೆ. ಎರಡು ಅಂಚಿನ ಬೆರಳುಗಳ ಮಸಿಯ ನಡುವಿನಿಂದ ನಡುವಿಗೆ ಅಳೆಯಬೇಕು ಎಂದು ಅವಳು ಹೇಳಿದ್ದಳು. ಹಾಗೇ ಅಳೆದೆ. ಪ್ಯಾಂಟು ಕೇಳಲು ಬಂದವರಿಗೆ, ಸ್ವಲ್ಪ ತಡೀರಿ, ಒಬ್ಬರ ಕಾಲು ಅಳೀತಿದೀನಿ ಎನ್ನುತ್ತಿದ್ದೆ.

ಕೆಲಸ ಅರ್ಧ ಮುಗಿದಿತ್ತು. ಒಂದು ದಿನ ಭಾವ ಬಂದು ಚಹಾ ಕುಡಿಯುತ್ತಾ, ನೂಲಿ ಹೇಳಬೇಡ ಅಂದಿದ್ದಾಳೆ ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದರು. ಈ ಸಲ ಸಮಿತಿಯವರಿಗೆ ಫಲ ಕಾಣದಿದ್ದರೆ ಅವಳ ಲ್ಯಾಬು ಇನ್ನೊಬ್ಬರಿಗೆ. ಬೆಚ್ಚನೆಯ ಪೆಟ್ಟಿಗೆ ಆರಿಸುತ್ತಾರೆ. ಹತ್ತು ವರ್ಷ ಸಾಕಿದ ಕೋಶಗಳು ಅಲ್ಲಿಗೆ ಮುಗಿದ ಹಾಗೆ.

ಮರುದಿನದಿಂದಲೂ ನಾನು ಮಸಿಯ ನಡುವಿಗೇ ಅಳೆದೆ ಎಂದೇ ನಂಬಿದ್ದೆ. ದೇವರಾಣೆಗೂ ನಂಬಿದ್ದೆ.

ಕಟ್ಟು ಮುಗಿದ ಮೂರನೆಯ ದಿನ ನೂಲಿ ಅಂಗಡಿಗೆ ಬಂದಳು. ಚಿಕ್ಕಂದಿನ ಹಾಗೆ ಮಷೀನಿನ ಪಕ್ಕದ ಮಣೆಯ ಮೇಲೆ ಕುಳಿತು, ನಾನು ಅಳತೆ ಬರೆದಿಟ್ಟ ಪುಸ್ತಕ ಬಿಚ್ಚಿದಳು. ನನಗೆ ಕೊಟ್ಟ ಪಟ್ಟಿಗಳಲ್ಲಿ ಹತ್ತನ್ನು ಅವಳು ಎರಡು ಸಲ ಕೊಟ್ಟಿದ್ದಳಂತೆ, ಮೊದಲ ವಾರ ಒಂದು ನಂಬರಿನಲ್ಲಿ, ಕೊನೆಯ ವಾರ ಅದರದೇ ನಕಲು ಇನ್ನೊಂದು ನಂಬರಿನಲ್ಲಿ. ನನಗೆ ಗುರುತು ಸಿಕ್ಕಿರಲಿಲ್ಲ. ಎರಡೂ ಅಳತೆಗಳನ್ನು ಪಕ್ಕಪಕ್ಕ ಬರೆದು ತೋರಿಸಿದಳು. ಅಂಟಿಕೊಂಡ ಬೆರಳುಗಳ ಅಳತೆ ಎರಡು ಸಲವೂ ಒಂದೇ ಇತ್ತು. ಬಿಚ್ಚಿಕೊಂಡ ಬೆರಳುಗಳ ಅಳತೆ ಎರಡನೆಯ ಸಲ ಅರ್ಧ ಮಿಲಿಮೀಟರು ಹೆಚ್ಚು. ಬಿಚ್ಚಿಕೊಂಡವುಗಳಲ್ಲಿ ಒಂದೂ ತಪ್ಪದ ಹಾಗೆ.

ನೋಡುತ್ತಿದ್ದ ಹಾಗೇ ನನಗೆ ತಿಳಿಯಿತು. ಅದು ಲೂಸು. ದರ್ಜಿ ಮೈಗೆ ಸರಿಯಾಗಿ ಅಳೆದು, ಉಸಿರಾಡಲಿ ಎಂದು ಒಂದಿಷ್ಟು ಸಡಿಲ ಬಿಡುತ್ತಾನಲ್ಲ, ಅದು. ನಲವತ್ತೆರಡು ವರ್ಷ ಬೇಕಾದವರಿಗೆ ಲೂಸು ಬಿಟ್ಟ ಕೈ. ಬಿಚ್ಚಿದ ಬೆರಳು ಕಂಡಾಗಲೆಲ್ಲ ಇದು ನಮ್ಮ ನೂಲಿಯದು ಎಂದುಕೊಂಡು, ನನ್ನನ್ನು ಕೇಳದೆ, ಮಸಿಯ ಹೊರ ಅಂಚಿಗೆ ಹೋಗಿತ್ತು.

ಆದರೆ ಬಾಯಿಗೆ ಬಂದದ್ದು ಸಿಟ್ಟು. "ನನಗೇ ಪರೀಕ್ಷೆ ಇಟ್ಟಿದ್ದೆಯಾ?" ಎಂದೆ.

"ನನಗೂ ಇಟ್ಕೊಂಡಿದೀನಿ ಮಾವ. ಕೋಶ ಎಣಿಸುವಾಗ ನಾನೂ ಹೀಗೇ ಸಿಕ್ಕಿಬಿದ್ದಿದೀನಿ, ಎರಡು ಸಲ. ನಿನ್ನ ಕೈ ಕೆಟ್ಟದ್ದಲ್ಲ. ನಿನಗೆ ಯಾರೋ ಏನೋ ಹೇಳಿದಾರೆ."

ಭಾವನ ಹೆಸರು ನುಂಗಿಕೊಂಡು ಟೇಪು ಸುತ್ತತೊಡಗಿದೆ. ಅವಳಿಗೆ ಹೇಳಬೇಕಾಗಿಯೂ ಇರಲಿಲ್ಲ.

ಸಂಜೆ ಭಾವನೂ ಬಂದರು. ಅರ್ಧ ಮಿಲಿಮೀಟರಿಗೆ ಹತ್ತು ವರ್ಷ ಹೊಳೆಗೆ ಹಾಕಬೇಡ, ಇದ್ದದ್ದನ್ನೇ ಕೊಟ್ಟುಬಿಡು, ಯಾರು ನೋಡ್ತಾರೆ ಎಂದು ಅವಳನ್ನು ಬೇಡಿಕೊಂಡರು. ಆ ಮನುಷ್ಯ ಮಗಳ ಮುಂದೆ ತಗ್ಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ನೂಲಿ ಪೆನ್ನು ತೆಗೆದಳು. ಪುಸ್ತಕದ ಮೊದಲ ಪುಟದಿಂದ ಕೊನೆಯವರೆಗೆ ಅಡ್ಡಗೆರೆ ಎಳೆದಳು, ಒಂದು ಪುಟವೂ ಬಿಡದೆ. ನಾನು ನೋಡುತ್ತಾ ಕುಳಿತೆ. ಹೊಲಿದ ಕೋಟನ್ನು ನಾನೇ ಬಿಚ್ಚಿದ್ದಿದೆ, ಆದರೆ ಅದು ಗಿರಾಕಿ ಬೈದ ಮೇಲೆ. ಯಾರೂ ಬೈಯದೆ ಬಿಚ್ಚುವವರನ್ನು ಅವತ್ತು ಕಂಡೆ.

ಸಮಿತಿಯ ದಿನ ನಡೆದದ್ದು ನಮಗೆ ಗೊತ್ತಾದದ್ದು ಇಲಿಯಪ್ಪನಿಂದ. ಅವನು ಕುರ್ಚಿ ಹಾಕುವ ನೆಪದಲ್ಲಿ ಒಳಗೇ ಉಳಿದಿದ್ದ. ನೂಲಿ ಎದ್ದು ನಿಂತು, ನನ್ನ ಅಳತೆ ತಪ್ಪಾಗಿದೆ, ತೋರಿಸುವುದಕ್ಕೆ ಏನೂ ಇಲ್ಲ ಎಂದಳಂತೆ. ಮಾವನ ಅಳತೆ ಎನ್ನಲಿಲ್ಲ, ನನ್ನ ಅಳತೆ ಎಂದಳು. ಎಷ್ಟು ತಪ್ಪಿದೆ ಎಂದು ಕೇಳಿದರು. ಹೇಳಿದಳು. ಅಷ್ಟಕ್ಕೇ ಇಷ್ಟೊಂದಾ ಎಂದು ಒಬ್ಬರು ನಕ್ಕರು.

"ಇದನ್ನ ಮುಂದೆ ಒಬ್ಬ ಮನುಷ್ಯನ ಕೈಗೆ ಹಾಕ್ತೀವಿ ಸರ್. ಸುಳ್ಳು ಅರ್ಧ ಮಿಲಿಮೀಟರೇ ಆದರೂ ಅದನ್ನ ಹೊತ್ತುಕೊಂಡು ಬದುಕೋನು ಅವನು" ಎಂದಳಂತೆ ನೂಲಿ.

ಆ ಮೇಲೆ ಯಾರೂ ನಗಲಿಲ್ಲ ಮಾಸ್ಟ್ರೇ ಎಂದ ಇಲಿಯಪ್ಪ. ಹಿರಿಯ ಡಾಕ್ಟರಮ್ಮ ನಲವತ್ತು ದಿನ ಕೊಟ್ಟರು. ನಲವತ್ತೊಂದನೆಯ ದಿನ ಲ್ಯಾಬಿನ ಬೀಗದ ಕೈ ಮೇಜಿನ ಮೇಲಿರಬೇಕು, ಇಲ್ಲವೇ ಫಲ ಇರಬೇಕು.

ಮತ್ತೆ ಯಾರು ಅಳೆಯುವುದು? ನನ್ನನ್ನು ಕೈಬಿಡುತ್ತಾಳೆ ಎಂದು ನಾನು ಮುಖ ತಗ್ಗಿಸಿಕೊಂಡಿದ್ದೆ. ಅವಳು ನನ್ನ ಬಳಿಗೇ ಬಂದಳು, ಆದರೆ ಹೊಸ ಕಟ್ಟಳೆಯೊಂದಿಗೆ. ಒಂದೊಂದು ಹೆಜ್ಜೆಯನ್ನೂ ಬೇರೆಬೇರೆ ಕತ್ತರಿಸಿ ಕಾರ್ಡಿಗೆ ಅಂಟಿಸಿ, ಎಲ್ಲವನ್ನೂ ಕಲೆಸಿಬಿಟ್ಟಿದ್ದಳು. ಮೊದಲು ನಾನು ಒಂದೊಂದು ಬೆರಳಿನ ಗುರುತನ್ನು ಕಾರ್ಡಿನ ಮೇಲಿಟ್ಟ ಮುಚ್ಚಳದ ತೂತಿನಲ್ಲಿ ನೋಡಿ, ಮಸಿಯ ನಡುವಿಗೆ ಗುಂಡುಸೂಜಿಯಿಂದ ಚುಚ್ಚಬೇಕು. ಪಕ್ಕದ ಬೆರಳು ನನಗೆ ಕಾಣದು. ಆಮೇಲೆ ಕಾರ್ಡನ್ನು ಮಗುಚಿ, ಹಿಂದಿನಿಂದ ತೂತುಗಳ ನಡುವಿನ ಅಂತರ ಅಳೆಯುವುದು ಇನ್ನೊಬ್ಬರು. ಆ ಇನ್ನೊಬ್ಬರು ನನ್ನ ಹೆಂಡತಿ. ನಲವತ್ತು ವರ್ಷ ನನ್ನ ಅಂಗಿಗಳಿಗೆ ಗುಂಡಿಯ ಕಾಜಾ ಮಾಡಿದವಳು, ಕಣ್ಣು ಸೂಜಿಯಷ್ಟೇ ಚೂಪು. ಇಲಿ ಎಂದರೆ ಮಂಚ ಹತ್ತುವವಳು. ಯಾವ ಇಲಿ ಗೆಲ್ಲಬೇಕು ಅತ್ತೆ ಎಂದು ನೂಲಿ ಕೇಳಿದ್ದಕ್ಕೆ, ಎಲ್ಲವೂ ಹಾಳಾಗಿ ಹೋಗಲಿ ಎಂದಳು. ಇಷ್ಟು ನಿಷ್ಪಕ್ಷಪಾತಿ ನನಗೆ ಯಾವ ವಿಶ್ವವಿದ್ಯಾಲಯದಲ್ಲೂ ಸಿಕ್ಕಿಲ್ಲ ಎಂದು ನೂಲಿ ನಕ್ಕಳು. ತಿಂಗಳಿನಿಂದ ನಗದವಳು.

ಮೂವತ್ತಾರು ದಿನ ಚುಚ್ಚಿದೆ. ಈ ಸಲವೂ ಕಾರ್ಡುಗಳಲ್ಲಿ ಜೋಡಿಗಳಿದ್ದವು, ಈ ಸಲ ಅವಳು ಮುಂಚೆಯೇ ಹೇಳಿದ್ದಳು. ಜೋಡಿಗಳು ಹೊಂದಿದವು.

ಮೂವತ್ತೊಂಬತ್ತನೆಯ ದಿನ ಬೆಳಿಗ್ಗೆ ಲ್ಯಾಬಿನ ಸಣ್ಣ ಕೋಣೆಯಲ್ಲಿ ಲಕೋಟೆ ಒಡೆದರು. ಹಿರಿಯ ಡಾಕ್ಟರಮ್ಮ ಒಂದು ಕಡೆ, ನಾನೂ ನನ್ನ ಹೆಂಡತಿಯೂ ಇನ್ನೊಂದು ಕಡೆ. ಭಾವ ಒಳಗೆ ಬರಲಾರೆ ಎಂದು ಕಾರಿಡಾರಿನಲ್ಲೇ ನಿಂತರು. ಇಲಿಯಪ್ಪ ಕೊರಳಿನ ಬೀಗದ ಕೈ ಬಿಚ್ಚಿ ಬೀರುವಿನಿಂದ ಅದನ್ನು ತಂದಿದ್ದ. ಅವನು ಒಂದೊಂದೇ ನಂಬರು ಓದಿದ. ಕೋಶ. ಬರಿ. ಬರಿ. ಕೋಶ. ನೂಲಿ ಎರಡು ಸಾಲಿನಲ್ಲಿ ಅಳತೆಗಳನ್ನು ಬರೆಯುತ್ತಾ ಹೋದಳು. ಬರೆದು ಮುಗಿಸಿ ಕೂಡಿಸಿದಳು. ಕೂಡಿಸಿದ್ದನ್ನು ಮತ್ತೊಮ್ಮೆ ಕೂಡಿಸಿದಳು. ಆಮೇಲೆ ಕಾಗದವನ್ನು ಹಿರಿಯ ಡಾಕ್ಟರಮ್ಮನ ಕಡೆಗೆ ತಳ್ಳಿದಳು.

ಕೋಶ ಹಾಕಿದ ಹತ್ತರಲ್ಲಿ ಏಳರ ಬೆರಳು ಬಿಚ್ಚಿದ್ದವು. ಬರಿ ಕೊಳವೆಯ ಹತ್ತರಲ್ಲಿ ಎರಡರದು. ನನ್ನ ತಪ್ಪು ಅಳತೆಯಲ್ಲಿ ಎರಡು ಗುಂಪಿನ ನಡುವೆ ಎಷ್ಟು ದೂರ ಕಂಡಿತ್ತೋ, ಈಗ ಅದರ ಮೂರರಲ್ಲಿ ಒಂದು ಪಾಲು ಕಳೆದುಹೋಗಿತ್ತು. ಉಳಿದದ್ದು ಉಳಿದಿತ್ತು. ಹಿರಿಯ ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ, "ಕಡಿಮೆ ಇದೆ. ಆದರೆ ಇದೆ ಕಣಮ್ಮ" ಎಂದರು.

ನನಗೆ ಆ ಪರದೆಯ ಮೇಲಿನ ಪುಟ್ಟ ಕೈ ಕಣ್ಣ ಮುಂದೆ ಬಂತು. ಏಳು ಇಲಿಗಳ ಕಾಲಿನ ಕತ್ತಲೆಯಲ್ಲಿ ಅದು ದಿನಕ್ಕೊಂದು ಗೆರೆಯಂತೆ ಸವರಿಕೊಂಡು ಹೋಗಿ, ಬಾಗಿಲು ಹುಡುಕಿ, ಬೆರಳನ್ನು ತಟ್ಟಿ ಎಬ್ಬಿಸಿತ್ತು. ಯಾರೂ ಲೂಸು ಬಿಡದೆ. ಉಳಿದ ಮೂರರಲ್ಲಿ ಯಾಕೆ ಎಬ್ಬಿಸಲಿಲ್ಲ ಎಂಬುದು ನೂಲಿಯ ಮುಂದಿನ ಹತ್ತು ವರ್ಷ. ಅವಳು ಆಗಲೇ ಗಡಿಯಾರ ನೋಡುತ್ತಿದ್ದಳು. ಕೋಶಗಳ ನೀರು ಬದಲಿಸುವ ಹೊತ್ತು ಅರ್ಧ ಗಂಟೆ ಮೀರಿತ್ತು.

ಅವಳು ಹೋಗಿ ಬರುವಷ್ಟರಲ್ಲಿ ಭಾವ ಒಳಗೆ ಬಂದಿದ್ದರು. ಈ ಕೊಳವೆ ತನ್ನ ಕೈಗೆ ಉಪಯೋಗವಿಲ್ಲ ಎಂದು ಅವರಿಗೆ ಎಂದೋ ಗೊತ್ತು. ಇಪ್ಪತ್ತೆಂಟು ವರ್ಷ ಸುದ್ದಿಯಿಲ್ಲದೆ ಕಾದು ಆ ಬೆರಳಿನ ಸ್ನಾಯುಗಳು ಬತ್ತಿಹೋಗಿವೆ, ನರ ತಲುಪಿದರೂ ಎಬ್ಬಿಸಲು ಅಲ್ಲಿ ಯಾರೂ ಇಲ್ಲ. ಇದನ್ನು ಅವಳೇ ಅವರ ಮುಂದೆ ಕುಳಿತು ಹೇಳಿದ್ದಳು. ಮೇಜಿನ ಮೇಲೆ ಇಲಿಗಳ ಮಸಿಯ ತಟ್ಟೆ ಇತ್ತು. ಭಾವ ಬಲಗೈಯನ್ನು ಅದಕ್ಕೆ ಒತ್ತಿ, ಖಾಲಿ ಪಟ್ಟಿಯೊಂದರ ಮೇಲೆ ಊರಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ನಿಚ್ಚಳವಾಗಿ ಮೂಡಿದವು. ಪಕ್ಕದಲ್ಲಿ ಎರಡು ಕಪ್ಪು ಚುಕ್ಕೆ.

"ನಂದೂ ಒಂದು ಇಟ್ಕೋ. ಮುಂದೆ ಯಾರದಾದ್ರೂ ಕೈ ಬಿಚ್ಚಿಕೊಂಡರೆ ಹೋಲಿಸೋಕೆ ಬೇಕಾಗತ್ತೆ" ಎಂದರು.

ನೂಲಿ ಅಪ್ಪನ ಮುಖ ನೋಡಿದಳು. ಪಟ್ಟಿಯನ್ನು ತೆಗೆದುಕೊಂಡು ಮಸಿ ಆರುವವರೆಗೆ ಹಿಡಿದು ನಿಂತಳು. ಹಿಂದೆ ತಾರೀಖು ಬರೆದಳು, ಹೆಸರು ಬರೆಯಲಿಲ್ಲ, ನಂಬರು ಹಾಕಿದಳು. ಆಮೇಲೆ ಅದನ್ನು ನನ್ನ ಮುಂದಿಟ್ಟು, ಅಳೆದುಕೊಡು ಮಾವ ಎಂದಳು.

ಕಣ್ಣು ಮಂಜಾಗಿತ್ತು, ಅಂಗಿಯ ತೋಳಿನಿಂದ ಒರೆಸಿಕೊಂಡೆ. ಗುಂಡುಸೂಜಿ ತೆಗೆದುಕೊಂಡೆ. ಆ ಎರಡು ಚುಕ್ಕೆಗಳ ಹೊರ ಅಂಚಿಗೆ ಹೋಗಲು ಕೈ ಎಳೆಯುತ್ತಿತ್ತು. ಮಸಿಯ ನಡುವಿಗೇ ಚುಚ್ಚಿದೆ.